ಒಲೆಯ ಬೂದಿಯಲ್ಲಿ ಗೋಮಾಗೊಂದು ಪಾಲು

ನಮ್ಮ ಮನೆಗೆ ಬೆಂಕಿ ಬಿದ್ದರೆ ಮೊದಲು ಹೊರಗೆ ತರಬೇಕಾದ್ದು ಏನು ಗೊತ್ತೇ? ದುಡ್ಡಲ್ಲ, ಕಿಮೋನೊ ಅಲ್ಲ, ನಾನಂತೂ ಅಲ್ಲವೇ ಅಲ್ಲ. ಬೂದಿ. ಚಹಾ ಕೋಣೆಯ ನೆಲದೊಲೆಗೆ ತುಂಬುವ ಬೂದಿ. ನನ್ನ ಅತ್ತೆಗೆ ಅವರ ಅತ್ತೆಯಿಂದ ಬಂದದ್ದು, ಅವರಿಗೆ ಅವರ ಅತ್ತೆಯಿಂದ. ಬೇಸಿಗೆ ಬಂತೆಂದರೆ ಅದನ್ನು ಹೊರತೆಗೆದು, ಜರಡಿ ಹಿಡಿದು, ಚಹಾದ ಕಷಾಯ ಚಿಮುಕಿಸಿ, ಬಿಸಿಲಿಗೆ ಹರವಿ, ಮತ್ತೆ ಜರಡಿ ಹಿಡಿದು ಜಾಡಿಯಲ್ಲಿ ಮುಚ್ಚಿಡುತ್ತಾರೆ. ಕನಜಾವಾದಲ್ಲಿ ಶಾಸ್ತ್ರಬದ್ಧವಾಗಿ ಚಹಾ ಮಾಡಿ ಕೊಡುವ ವಿದ್ಯೆ ಕಲಿಸುವ ಮನೆಗಳಿಗೇನೂ ಬರವಿಲ್ಲ, ಆದರೆ ನಮ್ಮ ಒಕುಮುರಾ ಮನೆಯ ಬೂದಿಯ ಮಾತೇ ಬೇರೆ ಎಂದು ಊರವರು ಹೇಳುತ್ತಾರೆ. ಬೆರಳಲ್ಲಿ ಹಿಡಿದರೆ ಮಗುವಿಗೆ ಹಾಕುವ ಪೌಡರಿನಷ್ಟು ನುಣುಪಂತೆ. ಅಂತೆ ಎನ್ನುತ್ತಿದ್ದೇನೆ, ಏಕೆಂದರೆ ಅದನ್ನು ಮುಟ್ಟಲು ನನ್ನನ್ನು ಬಿಟ್ಟವರಿರಲಿಲ್ಲ.

ಅತ್ತೆಯ ಹೆಸರು ಕಿನುಯೊ. ಶಿಷ್ಯರ ಬಾಯಲ್ಲಿ ಸೆನ್ಸೆ, ಅಂದರೆ ಗುರುಗಳು. ಅವರು ಕೂಗಾಡುವವರಲ್ಲ. ನಾನು ಬಟ್ಟಲನ್ನು ತಪ್ಪು ಮಗ್ಗುಲಿಗೆ ಇಟ್ಟರೆ ಏನೂ ಅನ್ನದೆ ಬಂದು ಸರಿಯಾದ ಮಗ್ಗುಲಿಗೆ ತಿರುಗಿಸಿಟ್ಟು ಹೋಗುತ್ತಾರೆ. ಬೂದಿ ಮುಚ್ಚಿದ ಕೆಂಡದ ಜೊತೆ ಸಂಸಾರ ಮಾಡಿದವರಿಗೆ ಗೊತ್ತು, ಕೂಗಾಡುವ ಅತ್ತೆ ಎಷ್ಟೋ ವಾಸಿ. ಮದುವೆಯಾಗಿ ಬಂದಾಗಿನಿಂದ ಆ ಮನೆಗೆ ಒಂದು ಪೊರಕೆಯನ್ನೂ ನಾನು ಆರಿಸಿ ತಂದಿರಲಿಲ್ಲ. ಕಿಟಕಿಯ ಪರದೆ ಅವರದು, ಉಪ್ಪಿನ ಡಬ್ಬಿ ಅವರದು, ಗಂಡನೂ ಅವರದೇ. ಹಾಗಾಗಿ ನಾನು ಬೆಕ್ಕಿನ ಮರಿ ತಂದೆ ಎಂದರೆ ಅದು ಬರೀ ಬೆಕ್ಕಿನ ಮರಿಯ ವಿಷಯವಾಗಿರಲಿಲ್ಲ ಎಂಬುದು ನಿಮಗೆ ಅರ್ಥವಾಗಬೇಕು.

ಮಾರುಕಟ್ಟೆಯಲ್ಲಿ ಒಣಗಿಸಿದ ಕಡಲಸೊಪ್ಪು ಮಾರುವ ತಾನಿಗಾಕಿ ಎಂಬಾಕೆ ಅಂಗಡಿಯ ಹಿಂದೆ ಸಿಕ್ಕಿದ ಮರಿಗಳನ್ನು ಪೆಟ್ಟಿಗೆಯಲ್ಲಿಟ್ಟು ಸಾಕುತ್ತಿದ್ದಳು. ಉಳಿದವೆಲ್ಲ ಒಂದರ ಮೇಲೊಂದು ಬಿದ್ದು ನಿದ್ದೆ ಮಾಡುತ್ತಿದ್ದರೆ ಇದೊಂದು ಮಾತ್ರ ಪೆಟ್ಟಿಗೆಯ ಅಂಚಿಗೆ ಗಲ್ಲ ಊರಿ ಹೋಗಿಬರುವವರನ್ನು ತೂಗಿ ನೋಡುತ್ತಿತ್ತು. ಕಪ್ಪೆಳ್ಳು ಬಿಳಿಯೆಳ್ಳು ಬೆರೆಸಿ ಪುಡಿ ಮಾಡಿದಂಥ ಬಣ್ಣ. ಅಲ್ಲೇ ಗೋಮಾ ಎಂದು ಹೆಸರಿಟ್ಟುಬಿಟ್ಟೆ. ನಮ್ಮಲ್ಲಿ ಎಳ್ಳಿಗೆ ಹಾಗೆನ್ನುತ್ತಾರೆ. ಮಲಮೂತ್ರದ ಅಭ್ಯಾಸ ಹೇಗೆ ಎಂದು ಕೇಳಿದ್ದಕ್ಕೆ ತಾನಿಗಾಕಿ ನಕ್ಕಳು. ಮರಳಿನ ಟ್ರೇ ಒಂದು ಸಲ ತೋರಿಸಿದರೆ ಸಾಕು, ಬೆಕ್ಕಿಗೆ ಅದನ್ನೆಲ್ಲ ಯಾರೂ ಹೇಳಿಕೊಡಬೇಕಾಗಿಲ್ಲ ಎಂದಳು. ಹೊಂದಿಕೆಯಾಗದಿದ್ದರೆ ವಾಪಸು ತಂದುಬಿಡಿ, ಬೀದಿಗೆ ಮಾತ್ರ ಬಿಡಬೇಡಿ ಎಂದೂ ಸೇರಿಸಿದಳು.

ಅತ್ತೆ ಮರಿಯನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ನೆಲಕ್ಕೆ ಹಾಸಿದ ತತಾಮಿಯನ್ನು ನೋಡಿದರು. ತತಾಮಿ ಎಂದರೆ ಹುಲ್ಲಿನ ಹಾಸು. ಒಮ್ಮೆ ಹೊಲಸು ಹೀರಿಕೊಂಡರೆ ಅದರ ಜನ್ಮ ಮುಗಿಯಿತು. ಧೂಪದ ಪರಿಮಳವನ್ನೂ ಹದವಾಗಿ ಅಳೆದು ಹಾಕುವ ಚಹಾ ಕೋಣೆಯಲ್ಲಿ ಬೆಕ್ಕಿನ ಉಚ್ಚೆಯ ನಾತ ಬಂದರೆ ಶಿಷ್ಯರು ಬಾಗಿಲಿನಲ್ಲೇ ಚಪ್ಪಲಿ ಮೆಟ್ಟಿಕೊಂಡು ಹಿಂತಿರುಗುತ್ತಾರೆ. ಆ ಲೆಕ್ಕದಲ್ಲಿ ಅತ್ತೆ ಆಗ ಆಡಿದ ಮಾತಿನಲ್ಲಿ ನ್ಯಾಯವಿರಲಿಲ್ಲ ಎಂದು ನಾನು ಹೇಳಲಾರೆ.

"ನೆಲದೊಲೆ ತೆರೆಯೋ ದಿನದೊಳಗೆ ಅದಕ್ಕೆ ತನ್ನ ಜಾಗ ಯಾವ್ದು ಅಂತ ಗೊತ್ತಾಗ್ಬೇಕು. ಗೊತ್ತಾಗ್ಲಿಲ್ವೋ, ಎಲ್ಲಿಂದ ತಂದ್ಯೋ ಅಲ್ಲೇ ಬಿಟ್ಬಿಟ್ಟು ಬಾ."

ನವೆಂಬರಿನಲ್ಲಿ ನೆಲದೊಲೆ ತೆರೆಯುವ ದಿನವೆಂದರೆ ಚಹಾದವರಿಗೆ ಹೊಸ ವರ್ಷವಿದ್ದ ಹಾಗೆ. ಬೇಸಿಗೆಯೆಲ್ಲ ಹಾಸಿನಡಿ ಮುಚ್ಚಿಕೊಂಡಿದ್ದ ಒಲೆಗುಂಡಿಯನ್ನು ತೆರೆದು, ಬೂದಿ ತುಂಬಿ, ಇದ್ದಿಲು ಜೋಡಿಸಿ, ಆ ವರ್ಷದ ಹೊಸ ಚಹಾಪುಡಿಯಿಂದ ಅತಿಥಿಗಳಿಗೆ ಚಹಾ ಮಾಡಿ ಕೊಡಬೇಕು. ಅದಕ್ಕೆ ಇನ್ನು ಹೆಚ್ಚು ದಿನ ಉಳಿದಿರಲಿಲ್ಲ. ನನ್ನ ಗಂಡ ಯೋಶಿಕಾಜು ಏನಾದರೂ ಹೇಳಿಯಾನೇನೋ ಎಂದು ಅವನ ಮುಖ ನೋಡಿದೆ. ಅಮ್ಮ ಹೇಳೋದೂ ಸರಿ, ಮರಿ ಮುದ್ದಾಗಿರೋದೂ ನಿಜ ಎಂದ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವನನ್ನು ಮೀರಿಸುವವರಿಲ್ಲ.

ನಾನು ಸೆರಗು ಕಟ್ಟಿ ನಿಂತೆ ಅನ್ನಿ. ಅಂಗಡಿಯಲ್ಲಿ ಸಿಕ್ಕಿದ್ದರಲ್ಲೆಲ್ಲ ಒಳ್ಳೆಯ ಟ್ರೇ, ಒಳ್ಳೆಯ ಮರಳು ತಂದೆ. ಮರಳು ಎಂದರೆ ಮರಳಲ್ಲ, ದೇವದಾರಿನ ಜಾತಿಯ ಮರದ ಹೊಟ್ಟನ್ನು ಒತ್ತಿ ಮಾಡಿದ ಹರಳು. ಚೀಲ ಬಿಚ್ಚಿದರೆ ಹೊಸ ಬಚ್ಚಲುಮನೆಯ ಹಾಗೆ ಘಮ್ಮೆನ್ನುತ್ತಿತ್ತು. ನೀರುಕೋಣೆಯ ಪಕ್ಕದ ನಡುಮನೆಯಲ್ಲಿ ಟ್ರೇ ಇಟ್ಟು ಗೋಮಾಳನ್ನು ಎತ್ತಿ ಅದರಲ್ಲಿ ನಿಲ್ಲಿಸಿದೆ. ನೀರುಕೋಣೆಯೆಂದರೆ ಚಹಾ ಕೋಣೆಗೆ ಅಂಟಿಕೊಂಡಿರುವ, ಬಟ್ಟಲು ತೊಳೆದು ಸಿದ್ಧಮಾಡುವ ಕಿರುಕೋಣೆ, ನನ್ನ ಸಾಮ್ರಾಜ್ಯ. ಗೋಮಾ ಮೂಸಿದಳು, ಒದ್ದೆ ತುಳಿದವಳಂತೆ ಒಂದೊಂದೇ ಕಾಲು ಕೊಡವಿಕೊಂಡು ಇಳಿದುಹೋದಳು. ಹೋಗಿ ಯೋಶಿಕಾಜುವಿನ ಆಫೀಸಿನ ಬೂಟಿನಲ್ಲಿ ಕೆಲಸ ಮುಗಿಸಿದಳು.

ಮಾರನೆಯ ದಿನ ಕೂರುವ ದಿಂಬಿನ ಮೇಲೆ. ಅದರ ಮಾರನೆಯ ದಿನ ಕಕ್ಕಸಿನ ಬಾಗಿಲಲ್ಲಿ ಒಳಗೆ ಹೋಗುವಾಗ ಹಾಕಿಕೊಳ್ಳಲೆಂದು ಜೋಡಿಸಿಟ್ಟಿರುವ ಚಪ್ಪಲಿಯೊಳಗೆ. ಕಕ್ಕಸಿನ ಬಾಗಿಲತನಕ ಬಂದಿದ್ದಾಳಲ್ಲ, ಬುದ್ಧಿ ಬರುತ್ತಿದೆ ಎಂದು ನನ್ನ ಗಂಡ ಸಮಾಧಾನ ಹೇಳಿದ. ಅವನ ಚಪ್ಪಲಿಯಲ್ಲವಲ್ಲ ಅದು, ಅತ್ತೆಯದು.

ಹಾಗಂತ ಒಮ್ಮೊಮ್ಮೆ ಟ್ರೇಯಲ್ಲೂ ಆಗುತ್ತಿತ್ತು. ಊಟವಾದ ಕೂಡಲೇ ಎತ್ತಿಕೊಂಡು ಹೋಗಿ ಟ್ರೇಯಲ್ಲಿ ಕೂರಿಸಿ, ಮುಂದೆ ಮಂಡಿಯೂರಿ ಕಾದರೆ, ಬೇರೆ ದಾರಿಯಿಲ್ಲದೆ ಮಾಡಿಬಿಡುತ್ತಿದ್ದಳು. ನಾನು ಕುಣಿದಾಡುತ್ತಿದ್ದೆ. ಕುಣಿದಾಡಿದ ಮೇಲೆ ಟ್ರೇಯನ್ನು ಹೊರಗೆ ಒಯ್ದು ಬಿಸಿನೀರು, ಸೋಪು, ವಿನಿಗರ್ ಹಾಕಿ ತಿಕ್ಕಿ, ಬಿಸಿಲಿಗಿಟ್ಟು, ಹೊಸ ಹರಳು ತುಂಬಿ ತರುತ್ತಿದ್ದೆ. ಆ ಮನೆ ನನಗೆ ಕಲಿಸಿದ್ದೇ ಅದು. ಬಳಸಿದ ವಸ್ತುವನ್ನು ಯಾರೂ ಬಳಸಿಯೇ ಇಲ್ಲವೆಂಬಂತೆ ಮಾಡಿಡಬೇಕು. ಬಟ್ಟಲಾಗಲಿ, ಬಿದಿರಿನ ಸೌಟಾಗಲಿ, ಒರೆಸುವ ಬಟ್ಟೆಯಾಗಲಿ. ಬೆಕ್ಕಿನ ಕಕ್ಕಸನ್ನು ನನ್ನಷ್ಟು ಶುದ್ಧವಾಗಿ ಇಟ್ಟವರು ಆ ಜಿಲ್ಲೆಯಲ್ಲೇ ಇರಲಿಕ್ಕಿಲ್ಲ. ಗೋಮಾ ಬಂದು ಮೂಸಿ ಮತ್ತೆ ಕಾಲು ಕೊಡವಿಕೊಂಡು ದಿಂಬಿನ ಕಡೆ ಹೋಗುತ್ತಿದ್ದಳು.

ಅತ್ತೆ ದಿಂಬುಗಳನ್ನು ಒಂದೊಂದಾಗಿ ಎತ್ತಿ ಕಪಾಟಿನಲ್ಲಿಟ್ಟರು, ಕೊನೆಗೆ ನಾವು ಬರಿಯ ಹಾಸಿನ ಮೇಲೆ ಕೂತು ಊಟ ಮಾಡುವ ಹಾಗಾಯಿತು. ಅವರು ಒಂದು ಮಾತು ಬೈದಿದ್ದರೆ ನಾನೂ ಒಂದು ಮಾತು ತಿರುಗಿ ಅಂದು ಹಗುರಾಗುತ್ತಿದ್ದೆ. ಸೋಲುತ್ತಿದ್ದೇನೆ ಅನ್ನಿಸಿತು. ಮರಿಯನ್ನು ಮಡಿಲಲ್ಲಿಟ್ಟುಕೊಂಡು ಅತ್ತದ್ದೂ ಉಂಟು. ಅದು ನನ್ನ ಏಪ್ರನ್ನಿನ ದಾರ ಕಚ್ಚಿ ಎಳೆಯುವುದರಲ್ಲಿ ಮಗ್ನವಾಗಿತ್ತು.

ನೆಲದೊಲೆ ತೆರೆಯುವ ಹಿಂದಿನ ದಿನ ಅತ್ತೆ ಬೆಳಗಿನಿಂದ ಚಹಾ ಕೋಣೆಯಲ್ಲಿದ್ದರು. ಜಾಡಿಯ ಬೂದಿಯನ್ನು ಒಲೆಗುಂಡಿಗೆ ಸುರಿದು, ಸೌಟಿನಿಂದ ನೇವರಿಸಿ, ಅಂಚಿನಿಂದ ನಡುವಿಗೆ ಇಳಿಜಾರು ಮಾಡುವ ಕೆಲಸ. ಆ ಹೊತ್ತಿನಲ್ಲಿ ಉಸಿರು ಜೋರಾಗಿ ಬಿಟ್ಟರೂ ಅವರಿಗೆ ಆಗದು. ಮುಗಿಸಿ ಕೈ ತೊಳೆಯಲು ಎದ್ದುಹೋಗಿದ್ದಾರೆ, ಜಾರುವ ಬಾಗಿಲು ಒಂದು ಬೆರಳಷ್ಟು ಸರಿದು ಉಳಿದಿದೆ. ಅಷ್ಟು ಸಾಕಾಯಿತು.

ನಾನು ಬಾಗಿಲ ಬಳಿ ಬಂದಾಗ ಗೋಮಾ ಒಲೆಯ ಸುತ್ತಲಿನ ಅರಗು ಬಳಿದ ಚೌಕಟ್ಟಿನ ಮೇಲೆ ನಿಂತಿದ್ದಳು. ಓಡಿಸಬೇಕಿತ್ತು. ಬಾಗಿಲು ಹಿಡಿದು ನೋಡುತ್ತಲೇ ನಿಂತುಬಿಟ್ಟೆ. ಅವಳು ಬೂದಿಗೆ ಮೂಗು ತಾಗಿಸಿದಳು. ಈ ಸಲ ಕಾಲು ಕೊಡವಲಿಲ್ಲ. ಮೆಲ್ಲಗೆ ಇಳಿದು, ಮುಂಗಾಲಿನಿಂದ ಚಿಕ್ಕ ಗುಂಡಿ ತೋಡಿ, ಒಮ್ಮೆ ಸುತ್ತು ತಿರುಗಿ, ಬಾಲ ಸರಿಮಾಡಿಕೊಂಡು ಕೂತಳು. ಕಣ್ಣು ದೂರಕ್ಕೆ ನೆಟ್ಟಿತ್ತು, ಮುಖದಲ್ಲಿ ಎಂಥ ಗಾಂಭೀರ್ಯ. ಎದ್ದು ಮೂಸಿ, ಮುಚ್ಚಿ, ಮತ್ತೆ ಮೂಸಿ, ಮತ್ತೆ ಮುಚ್ಚಿ, ತನಗೆ ಒಪ್ಪಿಗೆಯಾದ ಮೇಲೆಯೇ ಹೊರಗೆ ಹಾರಿದಳು.

ಹಿಂದೆ ಉಸಿರಿನ ಸದ್ದು ಕೇಳಿ ತಿರುಗಿದೆ. ಅತ್ತೆ ಕೈಬಟ್ಟೆ ಹಿಡಿದುಕೊಂಡು ನಿಂತಿದ್ದರು. ಎಲ್ಲವನ್ನೂ ನೋಡಿದ್ದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರು ನನ್ನನ್ನು ದಾಟಿ ಹೋಗಿ ಒಲೆಯ ಮುಂದೆ ಮಂಡಿಯೂರಿ ಬಗ್ಗಿದರು, ಬಹಳ ಹೊತ್ತು ಬಗ್ಗಿಯೇ ಇದ್ದರು.

"ಚೌಕಟ್ಟಿನ ಮೇಲೆ ಒಂದ್ ಚೂರೂ ಚೆಲ್ಲಿಲ್ಲ," ಎಂದರು ಕೊನೆಗೆ. ಅದು ಹೊಗಳಿಕೆಯೋ ದುಃಖವೋ ತಿಳಿಯಲಿಲ್ಲ. ಆಮೇಲೆ ನನ್ನ ಕಡೆ ತಿರುಗದೆಯೇ, ನಾಳೆ ಅತಿಥಿಗಳು ಹೋದ ಮೇಲೆ ಆ ಮರಿಯೂ ಹೋಗಲಿ ಎಂದರು.

ನನಗೆ ಆಗ ಎಲ್ಲವೂ ಒಟ್ಟಿಗೆ ಹೊಳೆಯಿತು. ಬೂದಿಗೆ ಮರದ ಘಮವಿಲ್ಲ, ಸೋಪಿನ ಘಮವಿಲ್ಲ. ಅದು ನುಣುಪು, ತೋಡಿದರೆ ತೋಡಿದ ಹಾಗೆ ನಿಲ್ಲುತ್ತದೆ. ಬೆಕ್ಕು ಮೂಸುವುದು ಶುದ್ಧವನ್ನಲ್ಲ, ತನ್ನನ್ನು. ನಿನ್ನೆ ನಾನಿಲ್ಲಿ ಬಂದಿದ್ದೆ ಎಂದು ಅದಕ್ಕೆ ಗೊತ್ತಾಗಬೇಕು. ನಾನೋ, ತೊಳೆದೂ ತೊಳೆದೂ ಅದರ ವಿಳಾಸವನ್ನೇ ಅಳಿಸಿಹಾಕುತ್ತಿದ್ದೆ. ಆ ಮನೆಯಲ್ಲಿ ಪಳಗಿದ ಸೊಸೆಯಲ್ಲದೆ ಬೇರೆ ಯಾರಾದರೂ ಆಗಿದ್ದರೆ ಸೋಮಾರಿತನದಿಂದಲಾದರೂ ಗೆಲ್ಲುತ್ತಿದ್ದರು.

ಅತ್ತೆ ಸೌಟಿನಿಂದ ಹೊಲಸಾದ ಬೂದಿಯನ್ನು ಸುತ್ತಲೂ ಕೊರೆದು ಎತ್ತಿ ತಟ್ಟೆಗೆ ಹಾಕಿಕೊಂಡಿದ್ದರು. ಎತ್ತಿದರು, ಆದರೆ ಎಲ್ಲಿ ಹಾಕುವುದು? ಒಲೆಗೆ ಮತ್ತೆ ಸೇರಿಸುವಂತಿಲ್ಲ. ಎಸೆಯುವುದಂತೂ ಆ ಮನೆಯಲ್ಲಿ ಕೇಳರಿಯದ ಮಾತು. ಒಂದು ಚಿಟಿಕೆ ಬೂದಿಯೂ ಎಂದೂ ಹೊರಗೆ ಬಿದ್ದದ್ದಿಲ್ಲ. ಶಿಷ್ಯರಲ್ಲಿ ಯಾರಾದರೂ ವರ್ಷಗಟ್ಟಲೆ ಕಲಿತು ಸ್ವಂತ ಚಹಾ ಕೋಣೆ ಕಟ್ಟಿಕೊಂಡರೆ, ಅವರಿಗೆ ಒಂದು ಸೌಟು ಬೂದಿಯನ್ನು ಪಾಲು ಕೊಡುವುದುಂಟು. ಅದಕ್ಕಿಂತ ದೊಡ್ಡ ಮರ್ಯಾದೆ ನಮ್ಮಲ್ಲಿಲ್ಲ. ಅತ್ತೆ ತಟ್ಟೆ ಹಿಡಿದುಕೊಂಡು ಹಾಗೆಯೇ ಕೂತಿದ್ದರು. ಅವರ ನಿಯಮಗಳಲ್ಲಿ ಇದಕ್ಕೆ ಉತ್ತರವಿರಲಿಲ್ಲ.

"ಅತ್ತೆ, ಅದನ್ನ ನಂಗೆ ಕೊಡಿ," ಎಂದೆ.

ಅವರು ತಲೆಯೆತ್ತಿದರು. ಆ ಮನೆಯಲ್ಲಿ ನಾನು ಬಾಯಿ ಬಿಟ್ಟು ಏನನ್ನಾದರೂ ಕೇಳಿದ್ದು ಅದೇ ಮೊದಲು.

"ಬೂದಿ ಪಾಲು ಯಾರಿಗೆ ಕೊಡ್ತಾರೆ ಅಂತ ಗೊತ್ತಲ್ಲ ನಿಂಗೆ? ನಿಂದು ಅಂತ ಒಂದು ಒಲೆ ಇದ್ಯಾ?"

"ಒಲೆ ಇಲ್ಲ. ಟ್ರೇ ಇದೆ. ನಂಗೆ ಬೇಡ ಅತ್ತೆ, ಗೋಮಾಗೆ ಕೊಡಿ. ಅವಳಿಗೆ ತನ್ನ ಜಾಗ ಗೊತ್ತಾಗ್ಬೇಕು ಅಂದ್ರಲ್ಲ, ಗೊತ್ತಾಗೋದು ಇದ್ರಿಂದ್ಲೇ."

ಮಾತು ತಡವರಿಸಲಿಲ್ಲ. ಅತ್ತೆ ತಟ್ಟೆಯನ್ನೂ ನನ್ನನ್ನೂ ನೋಡಿದರು. ನಿಯಮಕ್ಕೆ ಸಿಕ್ಕದ ಬೂದಿಯನ್ನು ಕೈಯಲ್ಲಿ ಹಿಡಿದುಕೊಂಡೇ ಇರುವುದಕ್ಕೂ ಆಗದು. ಕೊನೆಗೆ, ಕೈಗೆ ಬಂದ ಅಭ್ಯಾಸವೋ ಏನೋ, ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಇಟ್ಟು, ನನಗೆ ಎದುರಾಗುವಂತೆ ತಿರುಗಿಸಿದರು. ನನಗೂ ಅಭ್ಯಾಸವೇ, ಅಂಗೈ ಊರಿ ಹಣೆ ತತಾಮಿಗೆ ತಾಗುವಂತೆ ಬಾಗಿ ತೆಗೆದುಕೊಂಡೆ. ಬೆಕ್ಕಿನ ಹೇಲನ್ನು ಅಷ್ಟು ಶಾಸ್ತ್ರೋಕ್ತವಾಗಿ ಕೊಟ್ಟು ತೆಗೆದುಕೊಂಡವರು ನಮಗಿಂತ ಮುಂಚೆ ಯಾರೂ ಇದ್ದಿರಲಾರರು. ನಗು ಬರುತ್ತಿತ್ತು, ಎದೆ ಹೊಡೆದುಕೊಳ್ಳುತ್ತಿತ್ತು, ಎರಡೂ ಒಟ್ಟಿಗೆ.

ಘಮಘಮಿಸುವ ಹರಳನ್ನೆಲ್ಲ ಚೀಲಕ್ಕೆ ವಾಪಸು ಸುರಿದೆ. ಟ್ರೇಯನ್ನು ಬರೀ ನೀರಿನಲ್ಲಿ ಗಲಬರಿಸಿ ಒರೆಸಿದೆ. ಹೂಕುಂಡಕ್ಕೆಂದು ತಂದಿದ್ದ ಸಣ್ಣ ಮರಳನ್ನು ತುಂಬಿ, ನಡುವೆ ಒಕುಮುರಾ ಮನೆಯ ಬೂದಿಯನ್ನು ಅದರ ಸಕಲ ಐಶ್ವರ್ಯದ ಸಮೇತ ಹರವಿದೆ. ಬೆರಳಿಗೆ ತಾಗಿತು. ಜನ ಹೇಳುತ್ತಿದ್ದದ್ದು ನಿಜ, ಅಷ್ಟು ನುಣುಪು.

ಗೋಮಾ ಬಂದಳು, ಮೂಸಿದಳು, ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು, ಹೊರಟುಹೋದಳು. ಅವಳಿಗೆ ಆಗ ಬೇಕಿರಲಿಲ್ಲವೋ, ನನ್ನ ಲೆಕ್ಕ ತಪ್ಪಿತ್ತೋ ಹೇಗೆ ಹೇಳುವುದು. ಆ ದಿನವೆಲ್ಲ ಟ್ರೇ ಹಾಗೆಯೇ ಉಳಿಯಿತು. ದಿಂಬುಗಳೆಲ್ಲ ಕಪಾಟಿನಲ್ಲಿದ್ದವು, ಬೂಟುಗಳು ಅಟ್ಟದ ಮೇಲಿದ್ದವು, ಆದ್ದರಿಂದ ಬೇರೆಲ್ಲಿ ಮಾಡಿದಳೆಂದು ಹುಡುಕಲೂ ಭಯವಾಗಿ ಸುಮ್ಮನಿದ್ದೆ.

ಮರುದಿನ ಬೆಳಗ್ಗೆ ಅತಿಥಿಗಳು ಬಂದರು. ಮುಖ್ಯ ಅತಿಥಿ ಹೊಸೊನೊ ಎಂಬ ಹಿರಿಯರು, ಊರಲ್ಲಿ ಔಷಧದ ಅಂಗಡಿ ನಡೆಸಿದವರು, ಅತ್ತೆಯ ಮೊದಲ ಶಿಷ್ಯರಲ್ಲಿ ಒಬ್ಬರು. ಈ ಒಲೆಯ ಬೂದಿಯಲ್ಲಿ ಪಾಲು ಸಿಗಲು ಅವರು ತಲೆ ನರೆಯುವವರೆಗೆ ಕಾದಿದ್ದರಂತೆ. ಗೋಮಾಳನ್ನು ಹಿಂದಿನ ಕೋಣೆಯಲ್ಲಿ ಕೂಡಿ, ಬಾಗಿಲು ತೆರೆಯಬೇಡ ಎಂದು ಯೋಶಿಕಾಜುವಿಗೆ ಕೈಮುಗಿದು ಹೇಳಿದ್ದೆ. ಆಯ್ತು ಎಂದಿದ್ದ.

ಅತ್ತೆ ಇದ್ದಿಲು ಜೋಡಿಸಿ, ಅದರ ಸುತ್ತ ತೇವದ ಬೂದಿ ಉದುರಿಸಿ, ಬೂದಿಯ ಬಟ್ಟಲನ್ನು ನೀರುಕೋಣೆಗೆ ತಂದು ಕೆಳಗಿನ ಹಲಗೆಯ ಮೇಲಿಟ್ಟು ಹೋದರು. ಒಳಗೆ ಗಟ್ಟಿ ಚಹಾ ಕಡೆಯುವ ಹೊತ್ತು. ಆಗ ಯಾರೂ ಮಾತಾಡುವುದಿಲ್ಲ. ಕೆಟಲಿನ ನೀರು ಸುಯ್ಯೆನ್ನುವುದು ಮಾತ್ರ ಕೇಳುತ್ತಿರುತ್ತದೆ. ನಾನು ಮುಂದಿನ ಸುತ್ತಿನ ಬಟ್ಟಲು ಬೆಚ್ಚಗೆ ಮಾಡುತ್ತಿದ್ದೆ.

ಆ ನಿಶ್ಶಬ್ದದಲ್ಲಿ ಕೇಳಿತು. ಕರ್, ಕರ್, ಕರ್.

ಗೋಮಾಳನ್ನು ಕೂಡಿದ್ದ ಕೋಣೆಯ ಬಾಗಿಲನ್ನು ನನ್ನ ಗಂಡ ಪೇಪರಿಗೋ ಕನ್ನಡಕಕ್ಕೋ ತೆರೆದಿದ್ದಾನೆ. ತಿರುಗಿ ನೋಡಲು ಧೈರ್ಯವಾಗಲಿಲ್ಲ, ಹಲಗೆಯ ಮೇಲೆ ತೇವದ ಬೂದಿಯ ಬಟ್ಟಲು ಬಾಯಿ ತೆರೆದುಕೊಂಡಿತ್ತು. ಅದರೊಳಗೆ ಕೂತಿದ್ದಳೆಂದರೆ ನನ್ನ ಕಥೆಯೂ ಅವಳ ಕಥೆಯೂ ಅಲ್ಲಿಗೆ ಮುಗಿದಂತೆ. ಕಣ್ಣು ಮಾತ್ರ ಹೊರಳಿಸಿದೆ. ಬಟ್ಟಲಲ್ಲಿ ಅತ್ತೆಯ ಚಮಚ ಇಟ್ಟಲ್ಲೇ ಇತ್ತು, ಬೂದಿ ಕದಲಿರಲಿಲ್ಲ. ಸದ್ದು ನಡುಮನೆಯಿಂದ ಬರುತ್ತಿತ್ತು. ಬಗ್ಗಿ ನೋಡಿದೆ.

ಗೋಮಾ ತನ್ನ ಟ್ರೇಯಲ್ಲಿದ್ದಳು. ಯಾರೂ ಎತ್ತಿ ಕೂರಿಸಿರಲಿಲ್ಲ, ಯಾರೂ ಮುಂದೆ ಮಂಡಿಯೂರಿರಲಿಲ್ಲ. ನಡುವಿನ ಬೂದಿಯ ಮೇಲೆ ಬಾಲ ಸರಿಮಾಡಿಕೊಂಡು ಕೂತು, ಎದ್ದು, ಮುಚ್ಚುತ್ತಿದ್ದಳು. ನನ್ನ ಎದೆ ತುಂಬಿ ಬಂತು. ಗೆದ್ದೆ ಕಣೇ ಎಂದು ಕಿರುಚಬೇಕೆನ್ನಿಸಿತು. ಬಟ್ಟಲನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಅವಳೋ ನಿಲ್ಲಿಸುವ ಹಾಗೆ ಕಾಣಲಿಲ್ಲ. ಮುಚ್ಚಿದ್ದನ್ನೇ ಮುಚ್ಚುತ್ತಿದ್ದಳು, ಮರಳು ಟ್ರೇಯ ಗೋಡೆಗೆ ಉಜ್ಜುವ ಸದ್ದು ಮನೆಗೆಲ್ಲ ಕೇಳುತ್ತಿತ್ತು. ಒಳಗೆ ಚಹಾ ಕುಡಿದು ಮುಗಿಯಿತು. ಇನ್ನು ಮುಖ್ಯ ಅತಿಥಿ ವಿಚಾರಿಸುವ ಸಮಯ: ಬಟ್ಟಲು ಸುಟ್ಟದ್ದು ಯಾವ ಆವಗೆಯಲ್ಲಿ, ಚಹಾ ಯಾವ ತೋಟದ್ದು, ಚಮಚ ಕೆತ್ತಿದವರು ಯಾರು. ಹೊಸೊನೊ ಅವರು ಒಂದೊಂದನ್ನೇ ಕೇಳಿದರು, ಅತ್ತೆ ಒಂದೊಂದಕ್ಕೇ ಉತ್ತರ ಕೊಟ್ಟರು. ಕರ್, ಕರ್, ಕರ್.

"ಸೆನ್ಸೆ, ಹೊರಗೆ ಕೇಳ್ತಿರೋ ಸದ್ದು?" ಎಂದರು ಹೊಸೊನೊ, ಅದೇ ಗೌರವದ ದನಿಯಲ್ಲಿ.

ಗಾಳಿ ಎನ್ನಬಹುದಿತ್ತು. ಇಲಿ ಎನ್ನಬಹುದಿತ್ತು. ನಾನು ಬಾಗಿಲ ಈಚೆ ಕಣ್ಣು ಮುಚ್ಚಿಕೊಂಡೆ.

"ನಮ್ಮನೇಲಿ ಇನ್ನೊಬ್ರು ಇದಾರೆ," ಎಂದರು ಅತ್ತೆ. "ಬೂದಿ ಕೆಲ್ಸ ಮಾಡ್ತಿದಾರೆ. ಈಗಷ್ಟೇ ಶುರು ಮಾಡಿರೋರು, ಸ್ವಲ್ಪ ಸದ್ದು ಜಾಸ್ತಿ."

"ಬೂದಿ ಎಲ್ಲೀದು?"

"ಈ ಒಲೇದೇ. ನಿನ್ನೆ ಪಾಲು ಕೊಟ್ಟೆ."

ಒಳಗೆ ಬಟ್ಟೆ ಸರಪರ ಎಂದಿತು. ಅತಿಥಿಗಳು ಒಬ್ಬರನ್ನೊಬ್ಬರು ನೋಡಿಕೊಂಡಿರಬೇಕು. ಹೊಸೊನೊ ಅವರು ತಲೆ ನರೆಯುವವರೆಗೆ ಕಾದು ಪಡೆದ ಪಾಲು ಅದು. ಆದರೆ ಮುಖ್ಯ ಅತಿಥಿಯ ಕರ್ತವ್ಯ ಬಿಡುವವರಲ್ಲ ಅವರು.

"ಕಲಿಸಿದವ್ರು ಯಾರು ಅಂತ ಕೇಳಬಹುದಾ?"

"ನನ್ನ ಸೊಸೆ," ಎಂದರು ಅತ್ತೆ. "ಮಿಸಾವೊ."

ಆ ಕೋಣೆಯಲ್ಲಿ ಅಲ್ಲಿಯವರೆಗೆ ನನ್ನ ಹೆಸರು ಯಾರ ಬಾಯಲ್ಲೂ ಬಂದಿರಲಿಲ್ಲ. ಬಟ್ಟಲಿನ ಹೆಸರು ಬರುತ್ತಿತ್ತು, ಆವಗೆಯ ಹೆಸರು ಬರುತ್ತಿತ್ತು, ಸತ್ತ ಕುಶಲಕರ್ಮಿಗಳ ಹೆಸರೆಲ್ಲ ಬರುತ್ತಿತ್ತು. ಪದ್ಧತಿಯಂತೆ ಅತಿಥಿಗಳೆಲ್ಲ ಒಟ್ಟಿಗೆ ಬಾಗಿದ ಸದ್ದು ಕೇಳಿತು. ಒಳ್ಳೆಯದನ್ನು ಮಾಡಿದವರ ಹೆಸರು ಕೇಳಿದಾಗ ಹಾಗೆ ಬಾಗುತ್ತಾರೆ. ನಾನು ಬಾಗಿಲ ಈಚೆ, ಒದ್ದೆ ನೆಲದ ಮೇಲೆ, ಅವರಿಗೆ ಕಾಣದಿದ್ದರೂ ಬಾಗಿದೆ. ಬಹಳ ಹೊತ್ತು ಬಾಗಿದೆ, ಏಕೆಂದರೆ ಕಣ್ಣೀರು ಒರೆಸಿಕೊಳ್ಳಬೇಕಿತ್ತು.

ಅತಿಥಿಗಳ ಮುಂದೆ ಆಡಿದ ಮಾತನ್ನು ನನ್ನ ಅತ್ತೆ ಈ ಜನ್ಮದಲ್ಲಿ ಹಿಂದಕ್ಕೆ ತೆಗೆದುಕೊಂಡವರಲ್ಲ. ಗೋಮಾ ಇನ್ನು ಈ ಮನೆಯವಳೇ, ಅದು ನನಗೆ ಗೊತ್ತು, ಅವರಿಗೂ ಗೊತ್ತು. ಬೆಚ್ಚಗಾದ ಬಟ್ಟಲನ್ನು ಒರೆಸಿ, ಬಾಗಿಲು ಸರಿಸಿ, ತಲೆಯೆತ್ತಿಕೊಂಡು ಒಳಗೆ ಹೋದೆ.